ಹಾಡಿ ಕಲಿಸಿದ ಗುರು: ಚೀಕಲಪರ್ವಿಯ ವಿಜಯದಾಸರು

ನಮ್ಮ ಸಾಹಿತ್ಯ ಚರಿತ್ರೆಗಳನ್ನು ತೆರೆದು ನೋಡಿದರೆ ವಿಜಯದಾಸರಿಗೆ (1682–1755) ಕವಿಗಳ ಸಾಲಿನಲ್ಲಿ ಒಂದು ಸ್ಥಾನ ದೊರೆತಿರುವುದು ಕಂಡುಬರುತ್ತದೆ. ಆ ಸಾಲಿನಲ್ಲಿ ಅವರು ಪುರಂದರದಾಸರಿಗಿಂತ ಒಂದೆರಡು ಹೆಜ್ಜೆ ಹಿಂದೆಯೇ ನಿಲ್ಲುತ್ತಾರೆ. ಪುರಂದರದಾಸರ ಲಘುವಾದ ನಡೆ, ಬೀದಿಯ ಮಾತಿನ ಚುರುಕು, ನಗೆಯ ಮೊನೆ ಇವರಲ್ಲಿ ಅಷ್ಟಾಗಿ ಇಲ್ಲವೆಂದೂ, ಇವರ ರಚನೆಗಳಲ್ಲಿ ಶಾಸ್ತ್ರದ ಭಾರ ಹೆಚ್ಚೆಂದೂ ವಿಮರ್ಶಕರು ಹೇಳುವುದುಂಟು. ಕವಿಯೆಂದು ಅಳೆಯುವಾಗ ಈ ತೀರ್ಪು ಅನ್ಯಾಯವೆನಿಸದು. ಆದರೆ ವಿಜಯದಾಸರನ್ನು ಒಬ್ಬ ಅಧ್ಯಾಪಕರೆಂದು ತೆಗೆದುಕೊಂಡು ಅಳೆದವರು ವಿರಳ. ಹಾಗೆ ಅಳೆದರೆ ಕನ್ನಡ ನಾಡು ಕಂಡ ಅತ್ಯಂತ ಪ್ರಭಾವಶಾಲಿಗಳಾದ ನಾಲ್ಕಾರು ಗುರುಗಳಲ್ಲಿ ಅವರೊಬ್ಬರೆಂಬುದು ಸ್ಪಷ್ಟವಾಗುತ್ತದೆ. ಅವರು ಕಲಿಸಿದ್ದು ಹಾಡಿನ ಮೂಲಕ. ಕಲಿಸಿದ ಭಾಷೆ ಕನ್ನಡ. ಕಲಿಸಿದ ಸ್ಥಳ ಹಳ್ಳಿಯ ಕಟ್ಟೆ, ಯಾತ್ರೆಯ ದಾರಿ, ಊಟದ ಪಂಕ್ತಿ. ಅವರ ಶಿಷ್ಯರು ಮತ್ತು ಶಿಷ್ಯರ ಶಿಷ್ಯರು ಹಚ್ಚಿದ ದೀಪ ರಾಯಚೂರು ಸೀಮೆಯಲ್ಲಿ ಇಂದಿಗೂ ಆರಿಲ್ಲ.

ಮೊದಲು ಸ್ಥಳದ ಮಾತು. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಇವೆರಡರ ನಡುವಣ ನೆಲವೇ ರಾಯಚೂರು ದೋಆಬು. ಇತಿಹಾಸದ ಪುಸ್ತಕಗಳಲ್ಲಿ ಈ ಸೀಮೆಯ ಹೆಸರು ಬರುವುದು ಬಹುಮಟ್ಟಿಗೆ ಯುದ್ಧಗಳ ಸಂದರ್ಭದಲ್ಲಿ. ರಾಯಚೂರಿನ ಕೋಟೆಗಾಗಿ ವಿಜಯನಗರದವರೂ ಬಹಮನಿಯವರೂ, ಅವರ ತರುವಾಯ ಬಿಜಾಪುರದವರೂ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಲ್ಲಿ ಗೆದ್ದ ಕಾಳಗವನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಇದೇ ನೆಲದ ತುಂಗಭದ್ರೆಯ ಮಗ್ಗುಲಿಗೆ ಮಾನ್ವಿ ತಾಲ್ಲೂಕು, ಕೃಷ್ಣೆಯ ಮಗ್ಗುಲಿಗೆ ದೇವದುರ್ಗ ತಾಲ್ಲೂಕು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಹುಟ್ಟೂರು. ಅದೇ ತಾಲ್ಲೂಕಿನ ಬ್ಯಾಗವಾಟ ಜಗನ್ನಾಥದಾಸರ ಹುಟ್ಟೂರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಒಂದೇ ಶತಮಾನದಲ್ಲಿ, ಎತ್ತಿನ ಗಾಡಿಯಲ್ಲಿ ಒಂದೆರಡು ದಿನ ನಡೆದರೆ ಮುಟ್ಟಬಹುದಾದ ಮೂರು ಹಳ್ಳಿಗಳಲ್ಲಿ ಈ ಮೂವರು ಹುಟ್ಟಿದ್ದು ಕಾಕತಾಳೀಯವೆಂದುಕೊಳ್ಳಬಹುದು. ಅವರು ಒಬ್ಬರಿಗೊಬ್ಬರು ಗುರುಶಿಷ್ಯರಾದದ್ದು ಮಾತ್ರ ಕಾಕತಾಳೀಯವಲ್ಲ. ಅದು ಒಬ್ಬ ಮನುಷ್ಯನ ದುಡಿಮೆಯ ಫಲ.

ಇನ್ನು ಕಾಲದ ಮಾತು. ಹರಿದಾಸ ಪರಂಪರೆ ತನ್ನ ಉಚ್ಛ್ರಾಯವನ್ನು ಕಂಡದ್ದು ಹದಿನಾರನೆಯ ಶತಮಾನದಲ್ಲಿ. ವ್ಯಾಸರಾಯರಿಗೆ ವಿಜಯನಗರದ ಅರಮನೆಯ ಮನ್ನಣೆಯಿದ್ದಿತು. ಪುರಂದರದಾಸರು, ಕನಕದಾಸರು, ವಾದಿರಾಜರು ಆ ಯುಗದವರು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅದರ ಮರುವರ್ಷವೇ ವಿಜಯನಗರ ಬಿದ್ದಿತು. ಆಮೇಲೆ ದಾಸವಾಣಿ ಪೂರ್ತಿಯಾಗಿ ನಿಂತುಹೋಯಿತೆಂದು ಹೇಳಲಾಗದು. ಕಾಖಂಡಕಿಯ ಮಹಿಪತಿದಾಸರಂಥವರು ಹಾಡಿದರು. ಬಾಗಲಕೋಟೆಯ ಪ್ರಸನ್ನ ವೆಂಕಟದಾಸರು ವಿಜಯದಾಸರಿಗೆ ಸಮಕಾಲೀನರು. ಆದರೆ ಹಾಡಿನಿಂದ ಹಾಡು ಹುಟ್ಟುವ, ಗುರುವಿನಿಂದ ಶಿಷ್ಯನಿಗೆ ಇಳಿಯುವ ಕ್ರಮ ಸಡಿಲಗೊಂಡಿತ್ತು. ವಿಜಯದಾಸರು ನಾಲ್ಕು ವರ್ಷದ ಕೂಸಾಗಿದ್ದಾಗ, 1686ರಲ್ಲಿ, ಔರಂಗಜೇಬನು ಬಿಜಾಪುರವನ್ನು ಗೆದ್ದುಕೊಂಡನು. ಅವರಿಗೆ ನಲವತ್ತು ದಾಟಿದ ಮೇಲೆ ನಿಜಾಮನ ಆಳಿಕೆ ಬಂದಿತು. ರಾಜ್ಯಗಳು ಕೈಬದಲಾದವು, ದಫ್ತರದ ಭಾಷೆ ಪಾರಸಿಯಾಗಿದ್ದಿತು. ಕನ್ನಡ ಹಾಡುಗಾರನಿಗೆ ಆಸರೆಯಾಗಬಲ್ಲ ಅರಮನೆಯೊಂದೂ ಈ ಸೀಮೆಯಲ್ಲಿ ಉಳಿದಿರಲಿಲ್ಲ.

ಇಂಥ ಕಾಲದಲ್ಲಿ ಶ್ರೀನಿವಾಸಪ್ಪ ಮತ್ತು ಕೂಸಮ್ಮ ಎಂಬ ಬಡ ದಂಪತಿಗಳ ಮಗನಾಗಿ ದಾಸಪ್ಪನು ಹುಟ್ಟಿದನು. ಆತನ ಬಾಳಿನ ವಿವರಗಳು ನಮಗೆ ತಿಳಿದುಬರುವುದು ಬಹುಮಟ್ಟಿಗೆ ಶಿಷ್ಯರ ಹಾಡುಗಳಿಂದ ಮತ್ತು ಮನೆತನಗಳಲ್ಲಿ ಉಳಿದುಬಂದ ಕಥೆಗಳಿಂದ. ಬಡತನದ ಬೇಗೆಗೆ ಬೇಸತ್ತು ಊರು ಬಿಟ್ಟು, ಅಲೆದು, ಕಾಶಿಗೆ ಹೋದನೆಂದೂ, ಅಲ್ಲಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ‘ವಿಜಯ ವಿಠಲ’ ಎಂಬ ಅಂಕಿತವನ್ನು ಕೊಟ್ಟರೆಂದೂ ಸಂಪ್ರದಾಯ ಹೇಳುತ್ತದೆ. ಪುರಂದರದಾಸರು ಐದು ಲಕ್ಷ ಕೃತಿಗಳನ್ನು ರಚಿಸುವ ಸಂಕಲ್ಪ ಮಾಡಿದ್ದರು, 4,75,000 ಮುಗಿದವು, ಉಳಿದ 25,000ವನ್ನು ವಿಜಯದಾಸರು ಪೂರೈಸಿದರು ಎಂಬುದೂ ಅದೇ ಸಂಪ್ರದಾಯದ ಮಾತು. ಈ ಎಣಿಕೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ದೊರೆತಿರುವುದು ಅದರ ಒಂದು ಸಣ್ಣ ಪಾಲು. ಆದರೆ ಈ ಕಥೆಯೊಳಗೆ ಅಡಗಿರುವ ಅಭಿಪ್ರಾಯವನ್ನು ಗಮನಿಸತಕ್ಕದ್ದು. ತನ್ನ ಮುಂದೆ ಕುಳಿತು ಪಾಠ ಹೇಳಬಲ್ಲ ದಾಸನೊಬ್ಬನೂ ಇಲ್ಲದ ಕಾಲದಲ್ಲಿ ಈ ಮನುಷ್ಯನು ನೂರು ವರ್ಷಕ್ಕೂ ಹಿಂದೆ ತೀರಿಕೊಂಡವರೊಬ್ಬರನ್ನು ತನ್ನ ಗುರುವೆಂದು ಸಾರಿದನು. ಅವರು ಬಿಟ್ಟುಹೋದ ಕೆಲಸದ ಬಾಕಿ ತನ್ನ ಮೇಲಿದೆ ಎಂದುಕೊಂಡನು. ಮುರಿದ ಸರಪಳಿಯ ಕೊಂಡಿಯನ್ನು ಬೆಸೆಯುವ ಬಗೆ ಇದು. ಇದಕ್ಕೆ ಧೈರ್ಯವೂ ಬೇಕು, ನಿಸ್ಸಂಕೋಚವೂ ಬೇಕು. ಯಾವ ಮಠದ ಅಪ್ಪಣೆಯನ್ನೂ ಕಾಯದೆ, ಯಾವ ಪಂಡಿತನ ಒಪ್ಪಿಗೆಯನ್ನೂ ಬೇಡದೆ ಹೀಗೆ ಎದ್ದು ನಿಂತು ಹೇಳುವವನ ಮೇಲೆ ಪಂಡಿತರು ಮುನಿಯುವುದು ಸಹಜ.

ಮುನಿದವರು ಇದ್ದರು. ತುಂಗಭದ್ರೆಯ ಆಚೆಯ ದಂಡೆಯಲ್ಲಿ ಮಂತ್ರಾಲಯವಿದೆ. ಅಲ್ಲಿ ರಾಘವೇಂದ್ರಸ್ವಾಮಿಗಳು ವೃಂದಾವನಸ್ಥರಾದದ್ದು 1671ರಲ್ಲಿ. ಅವರ ತರುವಾಯ ಆ ಪರಿಸರ ಸಂಸ್ಕೃತ ವಿದ್ಯೆಯ ದೊಡ್ಡ ನೆಲೆಯಾಯಿತು. ನ್ಯಾಯ, ವೇದಾಂತಗಳನ್ನು ಅಲ್ಲಿ ಕ್ರಮವಾಗಿ ಹೇಳಿಕೊಡುತ್ತಿದ್ದರು. ಆ ಪಾಠವನ್ನು ಓದಿ ಮುಗಿಸಿದವನ ಕಣ್ಣಿಗೆ, ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಅದೇ ವೇದಾಂತವನ್ನು ಹೆಂಗಸರು ಮಕ್ಕಳ ಮುಂದೆ ಕನ್ನಡದಲ್ಲಿ ಹಾಡುವ ದಾಸನು ಹೇಗೆ ಕಂಡಿರಬಹುದೆಂಬುದನ್ನು ಓದುಗರು ಊಹಿಸಬಲ್ಲರು. ‘ಶಾಸ್ತ್ರವನ್ನು ಬೀದಿಗೆ ತಂದವನು’ ಎಂಬ ಆಕ್ಷೇಪ ಒಂದು ಕಡೆ; ‘ಶಾಸ್ತ್ರ ಓದದೆ ಶಾಸ್ತ್ರ ಹೇಳುವವನು’ ಎಂಬ ಆಕ್ಷೇಪ ಇನ್ನೊಂದು ಕಡೆ. ವಿಜಯದಾಸರು ಈ ಎರಡಕ್ಕೂ ವಾದದಿಂದ ಉತ್ತರ ಕೊಡುವುದಕ್ಕೆ ಹೊರಡಲಿಲ್ಲ. ಅವರು ಕೊಟ್ಟ ಉತ್ತರ ಸುಳಾದಿ.

ಸುಳಾದಿ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಪದ ಅಥವಾ ಕೀರ್ತನೆಗೆ ಪಲ್ಲವಿಯುಂಟು, ಚರಣಗಳುಂಟು. ಮೊದಲಿನಿಂದ ಕೊನೆಯವರೆಗೆ ಒಂದೇ ತಾಳ. ಸುಳಾದಿಯ ರಚನೆ ಹಾಗಲ್ಲ. ಅದರ ಒಂದೊಂದು ನುಡಿಗೂ ಒಂದೊಂದು ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಿಗೆ ಸುಳಾದಿ ತಾಳಗಳೆಂದೇ ಹೆಸರು. ಇಂದಿಗೂ ಕರ್ನಾಟಕ ಸಂಗೀತವನ್ನು ಕಲಿಯಲು ಕುಳಿತ ಮಗು ಸರಳೆ, ಜಂಟಿ ಮುಗಿಸಿ ಅಲಂಕಾರಕ್ಕೆ ಬಂದಾಗ ಇದೇ ಏಳು ತಾಳಗಳನ್ನು ಕೈಯಲ್ಲಿ ಹಾಕುತ್ತದೆ. ಸುಳಾದಿಯಲ್ಲಿ ತಾಳ ಬದಲಾದಂತೆ ನಡೆಯೂ ಬದಲಾಗುತ್ತದೆ. ಕೊನೆಗೆ ‘ಜತೆ’ ಎಂಬ ಎರಡು ಸಾಲಿನ ಮುಕ್ತಾಯ ಬರುತ್ತದೆ.

ಈ ಕಟ್ಟನ್ನು ಪಾಠ ಹೇಳುವವನ ಕಣ್ಣಿನಿಂದ ನೋಡಬೇಕು. ಮೊದಲನೆಯ ನುಡಿಯಲ್ಲಿ ವಿಷಯದ ಮಂಡನೆ. ತಾಳ ಬದಲಾಯಿತೆಂದರೆ ವಿಚಾರದ ಮುಂದಿನ ಮೆಟ್ಟಿಲು ಬಂದಿತೆಂದು ಅರ್ಥ. ಕೇಳುವವನ ಕಿವಿ ತಾನಾಗಿ ಎಚ್ಚರಗೊಳ್ಳುತ್ತದೆ. ಮಗ್ಗುಲಲ್ಲಿ ತೂಕಡಿಸುತ್ತಿದ್ದವನೂ ಝಂಪೆಯಿಂದ ತ್ರಿಪುಟಕ್ಕೆ ತಿರುಗಿದಾಗ ಕಣ್ಣು ತೆರೆಯುತ್ತಾನೆ. ಕೊನೆಯ ಜತೆಯಲ್ಲಿ ಇಡೀ ಪಾಠದ ಸಾರಾಂಶ ಎರಡೇ ಸಾಲಿನಲ್ಲಿ ಕೈಗೆ ಸಿಗುತ್ತದೆ. ಅದನ್ನು ನೆನಪಿಟ್ಟವನಿಗೆ ಮೇಲಿನದೆಲ್ಲ ಎಳೆಯೆಳೆಯಾಗಿ ನೆನಪಾಗುತ್ತದೆ. ಪುಸ್ತಕವಿಲ್ಲದ, ಓದು ಬರಹವಿಲ್ಲದ ಸಭೆಗೆ ತತ್ತ್ವಶಾಸ್ತ್ರದಂಥ ಕಠಿನ ವಿಷಯವನ್ನು ಕ್ರಮ ತಪ್ಪದಂತೆ ತಲುಪಿಸಲು ಇದಕ್ಕಿಂತ ಯೋಗ್ಯವಾದ ಸಾಧನ ಆ ಕಾಲದಲ್ಲಿ ಇರಲಿಲ್ಲ. ಸುಳಾದಿಯನ್ನು ಹುಟ್ಟಿಸಿದವರು ವಿಜಯದಾಸರಲ್ಲ. ಅದು ಅವರಿಗಿಂತ ಹಳೆಯದು, ಪುರಂದರದಾಸರೂ ಬರೆದಿದ್ದಾರೆ. ಆದರೆ ಅದನ್ನು ಪಾಠದ ಸಾಧನವನ್ನಾಗಿ ಇಷ್ಟು ದೊಡ್ಡ ಪ್ರಮಾಣದಲ್ಲಿ ದುಡಿಸಿಕೊಂಡವರು ಅವರೇ. ಜನ ಅವರನ್ನು ‘ಸುಳಾದಿ ದಾಸರು’ ಎಂದೇ ಕರೆದರು. ತತ್ತ್ವವನ್ನು ಹೇಳುವ ಸುಳಾದಿಗಳು, ಉಪಾಸನೆಯ ಸುಳಾದಿಗಳು, ತಾವು ಕಂಡ ಕ್ಷೇತ್ರಗಳನ್ನು ಬಣ್ಣಿಸುವ ಸುಳಾದಿಗಳು ಹೀಗೆ ಅವುಗಳಲ್ಲಿ ಬಗೆಗಳುಂಟು. ಅವರ ದುರ್ಗಾ ಸುಳಾದಿ ಇಂದಿಗೂ ಅನೇಕ ಮನೆಗಳಲ್ಲಿ ನಿತ್ಯಪಾಠ.

ಅವರ ರಚನೆಗಳಲ್ಲಿ ಪುನರುಕ್ತಿ ಹೆಚ್ಚೆಂಬ ಟೀಕೆಗೂ ಇಲ್ಲಿಯೇ ಸಮಾಧಾನವಿದೆ. ಕವಿಗೆ ಪುನರುಕ್ತಿ ದೋಷ; ಪಾಠ ಹೇಳುವವನಿಗೆ ಅದು ಕರ್ತವ್ಯ. ಇಂದು ಕೇಳಿದವನು ನಾಳೆ ಇನ್ನೊಂದು ಊರಿನಲ್ಲಿರುತ್ತಾನೆ. ನಾಳೆ ಕೇಳುವವನು ಇಂದಿನದನ್ನು ಕೇಳಿರುವುದಿಲ್ಲ. ಊರಿಂದೂರಿಗೆ ನಡೆಯುವ ಗುರುವು ಮೂಲಪಾಠವನ್ನು ಮತ್ತೆ ಮತ್ತೆ ಹೇಳದೆ ಗತ್ಯಂತರವಿಲ್ಲ.

ಇನ್ನು ಶಿಷ್ಯರನ್ನು ನೋಡೋಣ. ಮೊದಲನೆಯವರು ಮೋಹನದಾಸರು. ಬಾಳಿಗೆ ಬೇಸತ್ತು ಕೂಸಿನೊಡನೆ ಪ್ರಾಣ ಬಿಡಲು ಹೊರಟಿದ್ದ ತಾಯಿಯೊಬ್ಬಳನ್ನು ವಿಜಯದಾಸರು ತಡೆದು ಕರೆತಂದರೆಂದೂ, ಆ ಕೂಸನ್ನು ತಮ್ಮ ಮನೆಯಲ್ಲಿ ಸಾಕಿ ‘ಮೋಹನ ವಿಠಲ’ ಎಂಬ ಅಂಕಿತ ಕೊಟ್ಟರೆಂದೂ ಕಥೆ. ಎರಡನೆಯವರು ಮೊಸರಕಲ್ಲಿನ ಭಾಗಣ್ಣ, ಅಂದರೆ ಗೋಪಾಲದಾಸರು. ದಾಯಾದಿಗಳ ಕಾಟದಿಂದ ಆಸ್ತಿ ಕಳೆದುಕೊಂಡು, ಊರು ಬಿಟ್ಟು, ಜಪತಪಗಳಲ್ಲಿಯೂ ಜ್ಯೋತಿಷ್ಯದಲ್ಲಿಯೂ ಹೆಸರು ಗಳಿಸಿದ್ದವರು. ಭವಿಷ್ಯ ಕೇಳಲು ಬರುವ ಜನರ ಗುಂಪಿನಲ್ಲಿ ಆತನ ಬಾಳು ಕಳೆದುಹೋಗುವುದರಲ್ಲಿತ್ತು. ವಿಜಯದಾಸರು ಆತನನ್ನು ಆ ದಾರಿಯಿಂದ ಹೊರಳಿಸಿ ‘ಗೋಪಾಲ ವಿಠಲ’ ಅಂಕಿತವನ್ನು ಕೊಟ್ಟರು. ಆತನ ಸೋದರರೂ ದಾಸರಾದರು. ‘ಭಕ್ತಿಯಲ್ಲಿ ಭಾಗಣ್ಣ’ ಎಂಬ ಮಾತು ನಮ್ಮ ಕಡೆ ಇಂದಿಗೂ ಕೇಳಿಬರುತ್ತದೆ. ರಾಣೆಬೆನ್ನೂರಿನ ಹೆಳವನಕಟ್ಟೆ ಗಿರಿಯಮ್ಮನವರು ದಾಸಕವಯಿತ್ರಿಯಾಗಿ ಬೆಳೆದುದರಲ್ಲಿ ಗೋಪಾಲದಾಸರ ಆಶೀರ್ವಾದವಿತ್ತೆಂಬುದು ಸಂಪ್ರದಾಯ. ಸಂಸ್ಕೃತ ಪಾಠಶಾಲೆಯ ಬಾಗಿಲು ತೆರೆಯದ ಹೆಣ್ಣುಮಗಳೊಬ್ಬಳಿಗೆ ಹಾಡಿನ ಶಾಲೆಯ ಬಾಗಿಲು ತೆರೆಯಿತು.

ಮೂರನೆಯ ಹೆಸರು ಎಲ್ಲರಿಗಿಂತ ದೊಡ್ಡದು. ಬ್ಯಾಗವಾಟದ ಶ್ರೀನಿವಾಸಾಚಾರ್ಯರು (1728–1809) ಮಂತ್ರಾಲಯದ ಮಠದ ಪರಿಸರದಲ್ಲಿ ಓದಿ ತರುಣ ವಯಸ್ಸಿನಲ್ಲಿಯೇ ಪಂಡಿತರೆನಿಸಿಕೊಂಡವರು. ಕನ್ನಡ ಹಾಡಿನ ದಾಸರನ್ನು ಕಂಡರೆ ಅವರಿಗೆ ತಾತ್ಸಾರ. ವಿಜಯದಾಸರನ್ನು ಅವರ ತಾಯಿಯ ಹೆಸರು ಹಿಡಿದು ಹಗುರವಾಗಿ ಕರೆದರೆಂದೂ ಹೇಳುವುದುಂಟು. ವಿಜಯದಾಸರು ಮಾನ್ವಿಯ ಕಡೆಗೆ ಬಂದಿದ್ದಾಗ ಈ ತರುಣ ಪಂಡಿತರನ್ನು ಊಟಕ್ಕೆ ಕರೆದರಂತೆ. ತಡವಾಗಿ ಉಂಡರೆ ಹೊಟ್ಟೆನೋವು ಬರುತ್ತದೆಂಬ ನೆಪ ಹೇಳಿ ಪಂಡಿತರು ಬರಲಿಲ್ಲವಂತೆ. ಮುಂದೆ ಆ ನೆಪ ನಿಜವಾಗಿ, ಹೊಟ್ಟೆಯ ಬೇನೆ ಅವರನ್ನು ಹಣ್ಣುಮಾಡಿತು. ಔಷಧ, ಸೇವೆ ಯಾವುದರಿಂದಲೂ ಗುಣ ಕಾಣದೆ ಕೊನೆಗೆ ವಿಜಯದಾಸರ ಬಳಿಗೇ ಬಂದು ತಲೆಬಾಗಿದರು.

ಇಲ್ಲಿಯವರೆಗಿನ ಕಥೆ ಸಾಧುಸಂತರ ಚರಿತ್ರೆಗಳಲ್ಲಿ ಎಲ್ಲೆಲ್ಲಿಯೂ ಕಾಣುವಂಥದೇ. ಮುಂದಿನದು ಮಾತ್ರ ಅಪರೂಪ. ತಮ್ಮನ್ನು ಹಳಿದ ಪಂಡಿತನು ತಾನಾಗಿ ಬಂದು ಕಾಲಿಗೆರಗಿದ್ದಾನೆ. ಆತನನ್ನು ಶಿಷ್ಯನನ್ನಾಗಿ ಸ್ವೀಕರಿಸಿದ್ದರೆ ವಿಜಯದಾಸರ ಕೀರ್ತಿ ನೂರ್ಮಡಿಯಾಗುತ್ತಿದ್ದಿತು. ಅವರು ಹಾಗೆ ಮಾಡಲಿಲ್ಲ. ‘ನಿನಗೆ ಬೇಕಾದದ್ದು ನನ್ನಲ್ಲಿಲ್ಲ, ಗೋಪಾಲದಾಸನ ಹತ್ತಿರ ಹೋಗು’ ಎಂಬರ್ಥದ ನೇರವಾದ ಮಾತನ್ನು ಹೇಳಿ ಕಳುಹಿಸಿದರು. ಗೋಪಾಲದಾಸರು ಗದ್ವಾಲದ ಸೀಮೆಯ ಉತ್ತನೂರಿನಲ್ಲಿದ್ದರು. ಅವರು ಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟು ಬೇನೆಯನ್ನು ಕಳೆದರೆಂದೂ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಆ ಪಂಡಿತನಿಗೆ ಧಾರೆಯೆರೆದರೆಂದೂ ಸಂಪ್ರದಾಯ. ಮುಂದೆ ಪಂಢರಪುರದಲ್ಲಿ ‘ಜಗನ್ನಾಥ ವಿಠಲ’ ಎಂಬ ಅಂಕಿತ ಪಡೆದು ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು.

ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಅದರ ಹಿಂದೆ ನಿಂತಿರುವ ಬೋಧನಕ್ರಮವನ್ನು ಕಾಣಲು ನಂಬಿಕೆಯ ಅಗತ್ಯವಿಲ್ಲ. ಸಂಸ್ಕೃತ ಪಾಂಡಿತ್ಯದ ಬಿಗುಮಾನವುಳ್ಳ ಶಿಷ್ಯನಿಗೆ ತನ್ನಷ್ಟು ಓದಿಲ್ಲದವನ ಮುಂದೆ ಕುಳಿತುಕೊಳ್ಳುವುದೇ ಮೊದಲ ಪಾಠವಾಗಬೇಕು ಎಂದು ವಿಜಯದಾಸರು ಗುರುತಿಸಿದ್ದರು. ಯಾವ ಶಿಷ್ಯನು ಯಾರ ಬಳಿ ಅರಳುವನೆಂಬುದನ್ನು ಅರಿಯುವುದು, ಅರಿತ ಮೇಲೆ ಅವನನ್ನು ಬಿಟ್ಟುಕೊಡುವುದು—ಇವೆರಡೂ ಗುರುವಿಗೆ ಕಷ್ಟದ ಕೆಲಸಗಳು. ಅಧ್ಯಾಪನದ ವೃತ್ತಿಯಲ್ಲಿರುವವರೆಲ್ಲ ಈ ಮಾತಿನ ಸತ್ಯವನ್ನು ಬಲ್ಲರು. ಜಾಣ ವಿದ್ಯಾರ್ಥಿಯನ್ನು ‘ಇವನು ನನ್ನ ಶಿಷ್ಯ’ ಎಂದು ತೋರಿಸಿಕೊಳ್ಳುವ ಚಪಲ ಸಾಮಾನ್ಯದ್ದಲ್ಲ.

ಫಲ ಏನಾಯಿತೆಂಬುದು ಸರ್ವವಿದಿತ. ಜಗನ್ನಾಥದಾಸರು ಭಾಮಿನೀ ಷಟ್ಪದಿಯಲ್ಲಿ 32 ಸಂಧಿಗಳ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಮಂತ್ರಾಲಯದಲ್ಲಿ ಕಲಿತ ಶಾಸ್ತ್ರವೆಲ್ಲ ಅದರಲ್ಲಿದೆ. ಅದು ನುಡಿದ ಭಾಷೆ ಮಾತ್ರ ತಾವು ಒಮ್ಮೆ ಕೀಳೆಂದು ತಿಳಿದಿದ್ದ ಕನ್ನಡ. ಅವರ ಶಿಷ್ಯರಾದ ಶ್ರೀದವಿಠಲರು ಅದಕ್ಕೆ ಫಲಸ್ತುತಿಯ ಸಂಧಿಯನ್ನು ಸೇರಿಸಿದರು. ಸಂಸ್ಕೃತ ಗ್ರಂಥಕ್ಕೆ ಕನ್ನಡದಲ್ಲಿ ಟೀಕೆ ಬರೆಯುವುದು ನಮ್ಮಲ್ಲಿ ಹಳೆಯ ರೂಢಿ. ಈ ಕನ್ನಡ ಗ್ರಂಥಕ್ಕೆ ಮುಂದೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು. ಚೀಕಲಪರ್ವಿಯ ದಾಸರ ಮೇಲೆ ಪಂಡಿತರು ಹೊರಿಸಿದ್ದ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಜಗನ್ನಾಥದಾಸರ ಬಳಿಯಿಂದ ಲಿಂಗಸುಗೂರಿನ ಪ್ರಾಣೇಶದಾಸರು ಹೊರಟರು. ಅವರಿಂದ ಇನ್ನೂ ಅನೇಕರು. ಹೀಗೆ ಹತ್ತೊಂಬತ್ತನೆಯ ಶತಮಾನದವರೆಗೆ ದೋಆಬಿನ ಊರೂರಿನಲ್ಲಿ ಹಾಡುವ ಮನೆಗಳು ಹುಟ್ಟಿದವು.

ಈ ಬೆಳವಣಿಗೆಗೆ ಒಂದು ಮಿತಿಯೂ ಇದ್ದಿತೆಂಬುದನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಪುರಂದರ ಕನಕರ ಕಾಲಕ್ಕೆ ಹೋಲಿಸಿದರೆ ವಿಜಯದಾಸರ ಶಿಷ್ಯವರ್ಗ ಬಹುಮಟ್ಟಿಗೆ ಮಾಧ್ವ ಮನೆತನಗಳೊಳಗೇ ಬೆಳೆಯಿತು. ಕನಕದಾಸರಂಥವರು ಅಲ್ಲಿ ಮತ್ತೆ ಹುಟ್ಟಲಿಲ್ಲ. ಆದರೆ ಹಾಡಿಗೆ ಜಾತಿಯ ಬೇಲಿ ಬಹಳ ದಿನ ನಿಲ್ಲುವುದಿಲ್ಲ. ದಾಸರ ಪದ, ಶರಣರ ವಚನ, ತತ್ತ್ವಪದಗಳು ಒಂದೇ ಊರಿನ ಬೇರೆ ಬೇರೆ ಓಣಿಗಳಲ್ಲಿ ಕೇಳಿಬಂದವು. ಈ ಜಿಲ್ಲೆಯವರೇ ಆದ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಹಿಂದೂಸ್ತಾನಿ ಶೈಲಿಯಲ್ಲಿ ವಚನಗಳನ್ನು ಹಾಡಿ ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರನ್ನಿಟ್ಟಿರುವುದು ಉಚಿತವಾಗಿದೆ.

ಇನ್ನೊಂದು ಉಪಕಾರವನ್ನು ನಾವು ಮರೆಯಬಾರದು. 1853ರಿಂದ 1860ರವರೆಗಿನ ಕೆಲವು ವರ್ಷಗಳ ಬ್ರಿಟಿಷ್ ಆಡಳಿತವನ್ನು ಬಿಟ್ಟರೆ ಈ ಸೀಮೆ 1948ರವರೆಗೆ ನಿಜಾಮನ ರಾಜ್ಯಕ್ಕೆ ಸೇರಿದ್ದಿತು. ಕೊನೆಯ ದಶಕಗಳಲ್ಲಿ ಕಚೇರಿಯ ಭಾಷೆಯೂ ಉನ್ನತ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದಿತು. ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರಂಥ (1891–1942) ನಿರ್ಭೀತ ಶಿಕ್ಷಕರು ರಾಯಚೂರಿನಲ್ಲಿ ಸ್ವತಂತ್ರ ಶಿಕ್ಷಣದ ದಾರಿ ತೋರಿದರು. ಆದರೆ ಅಂಥ ಶಾಲೆಗಳು ಎಷ್ಟು ಊರಿಗೆ ಸಾಕಾದಾವು? ಶಾಲೆಯಲ್ಲಿ ಕನ್ನಡದ ಅಕ್ಷರ ಕಾಣದ ಎಷ್ಟೋ ಮಂದಿಗೆ ಕನ್ನಡದ ತುಂಬು ರೂಪ ಕಿವಿಗೆ ಬಿದ್ದದ್ದು ಬೀಸುವಾಗ, ತೊಟ್ಟಿಲು ತೂಗುವಾಗ, ಭಜನೆಯಲ್ಲಿ. ವಿಜಯದಾಸರ ಪಾಠಶಾಲೆ ಅವರು ತೀರಿಕೊಂಡು ಇನ್ನೂರು ವರ್ಷಗಳಾಗುವವರೆಗೂ ಹೀಗೆ ನಡೆಯುತ್ತಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ಹಾಡಿ ಕಲಿಸುವ ವಿದ್ಯೆಗೆ ಒಂದು ಅಪಾಯವಿದೆ. ಅದನ್ನು ತಿಳಿಯಲು ದೂರದ ಒಂದು ನಾಡಿನ ಉದಾಹರಣೆ ನಮಗೆ ನೆರವಾಗುತ್ತದೆ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪು ವಾದ್ಯವನ್ನು ನಮ್ಮ ಸೈನ್ಯದ ಮೆರವಣಿಗೆಗಳಲ್ಲಿ ಓದುಗರು ನೋಡಿರಬಹುದು. ಚರ್ಮದ ತಿತ್ತಿ, ಹೆಗಲ ಮೇಲೆ ಶ್ರುತಿ ಹಿಡಿಯುವ ಮೂರು ಕೊಳವೆಗಳು, ಒಂಬತ್ತು ಸ್ವರ ನುಡಿಸುವ ಒಂದು ಕೊಳಲು. ಅದರ ರಚನೆ ಇಷ್ಟೇ. ನಮ್ಮ ನಾಗಸ್ವರದ ಪಕ್ಕದಲ್ಲಿ ನಿಂತು ಒತ್ತು ಊದುವವನ ಕೆಲಸವನ್ನು ಅಲ್ಲಿ ಆ ಮೂರು ಕೊಳವೆಗಳು ಮಾಡುತ್ತವೆ. ಆ ವಾದ್ಯದ ಹಿರಿಯ ಸಂಗೀತವನ್ನು ಸ್ಕೈ ದ್ವೀಪದ ಮೆಕ್‌ಕ್ರಿಮನ್ ಮನೆತನದವರು ತಲೆಮಾರುಗಳ ಕಾಲ ಕಲಿಸಿದರು. ಬೇರೆ ಪಾಳೆಯಗಾರರೂ ತಮ್ಮ ವಾದಕರನ್ನು ಅವರ ಬಳಿ ಕಳುಹಿಸುತ್ತಿದ್ದರು. ಅವರು ಕಲಿಸಿದ್ದು ಪುಸ್ತಕದಿಂದಲ್ಲ. ಸ್ವರಕ್ಕೂ ಗಮಕಕ್ಕೂ ಒಂದೊಂದು ಉಚ್ಚಾರವನ್ನು ಗೊತ್ತುಮಾಡಿ, ಗುರುವು ಅದನ್ನು ಬಾಯಲ್ಲಿ ಹಾಡುತ್ತಿದ್ದನು, ಶಿಷ್ಯನು ಮರಳಿ ಹಾಡಿ ಆಮೇಲೆ ವಾದ್ಯದ ಮೇಲೆ ಬೆರಳಿಡುತ್ತಿದ್ದನು. ನಮ್ಮ ತಬಲದ ಬೋಲುಗಳನ್ನು ಬಲ್ಲವರಿಗೆ ಇದು ಹೊಸದೆನಿಸದು.

ಹದಿನೆಂಟನೆಯ ಶತಮಾನದಲ್ಲಿ, ವಿಜಯದಾಸರ ಶಿಷ್ಯರ ಕಾಲದಲ್ಲಿಯೇ, ಆ ಹಳೆಯ ಗುರುಕುಲ ಅಳಿಯಿತು. ಆಗ ಜೋಸೆಫ್ ಮೆಕ್‌ಡೊನಾಲ್ಡ್ ಎಂಬ ತರುಣನು ಕಂಪನಿಯ ಕೆಲಸಕ್ಕಾಗಿ 1760ರಲ್ಲಿ ಹಿಂದೂಸ್ತಾನಕ್ಕೆ ಹೊರಟ ಹಡಗಿನಲ್ಲಿ ಆ ವಾದ್ಯದ ಶಾಸ್ತ್ರವನ್ನು ಬರೆದನು. 1763ರಲ್ಲಿ ಬಂಗಾಳದಲ್ಲಿ ತೀರಿಕೊಂಡನು. ಅವನ ಹಸ್ತಪ್ರತಿ ನಮ್ಮ ದೇಶದಲ್ಲಿಯೇ ಸಿಕ್ಕು 1803ರಲ್ಲಿ ಅಚ್ಚಾಯಿತು. ನಮ್ಮ ಕಾಲಕ್ಕೆ ಬಂದರೆ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಷೀಮಸ್ ಮೆಕ್‌ನೀಲ್ (1917–1996) ಎಂಬವರು 1944ರಲ್ಲಿ ಗೆಳೆಯರೊಬ್ಬರೊಡನೆ ಆ ವಾದ್ಯಕ್ಕಾಗಿಯೇ ಒಂದು ಕಾಲೇಜನ್ನು ತೆರೆದರು. 1948ರಿಂದ ಸಾಯುವವರೆಗೆ ಅದರ ಮಾಸಪತ್ರಿಕೆಯನ್ನು ನಡೆಸಿದರು. ಮುಖ ನೋಡದೆ ಮಾತನಾಡುವವರೆಂದು, ಕೆಟ್ಟ ವಾದನವನ್ನೂ ಕೆಟ್ಟ ತೀರ್ಪನ್ನೂ ಅಚ್ಚಿನಲ್ಲಿಯೇ ಖಂಡಿಸುವವರೆಂದು ಹೆಸರಾದರು. ಅವರ ಕಾಲೇಜಿನ ಪಾಠಪುಸ್ತಕದಿಂದ ಹಲವು ದೇಶಗಳ ಮಕ್ಕಳು ಕಲಿತರು. ಆದರೂ ಅಲ್ಲಿಯ ಬಲ್ಲವರ ಅಭಿಪ್ರಾಯ ಇಂದಿಗೂ ಒಂದೇ: ಅಚ್ಚಾದ ಸ್ವರಲಿಪಿ ಹಾಡಿನ ಎಲುಬು, ಅದರ ಉಸಿರನ್ನು ಗುರುವಿನ ಬಾಯಿಂದಲೇ ಪಡೆಯಬೇಕು. ಅಚ್ಚಿನ ಪುಸ್ತಕವೂ ಗುರುವಿನ ಗಂಟಲೂ ಜೊತೆಜೊತೆಯಾಗಿ ನಡೆದುದರಿಂದ ಆ ವಿದ್ಯೆ ಅಲ್ಲಿ ಉಳಿಯಿತು.

ನಮ್ಮಲ್ಲಿ ಆದದ್ದೇನು? ಪುಸ್ತಕದ ಕೆಲಸ ತಕ್ಕಮಟ್ಟಿಗೆ ನಡೆಯಿತು. 1850ರ ಸುಮಾರಿನಲ್ಲಿ ಮಂಗಳೂರಿನ ಮೋಗ್ಲಿಂಗ್ ಪಾದರಿಯವರು ದಾಸರ ಪದಗಳನ್ನು ಅಚ್ಚುಹಾಕಿಸಿದರು. ಉಡುಪಿಯ ಪಾವಂಜೆ ಗುರುರಾಯರು ಆ ಕೆಲಸವನ್ನು ಮುಂದುವರಿಸಿದರು. ನಮ್ಮ ಜಿಲ್ಲೆಯ ಮಟ್ಟಿಗೆ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರನ್ನು ಕೃತಜ್ಞತೆಯಿಂದ ನೆನೆಯಬೇಕು. ಮನೆಮನೆಯ ಹಳೆಯ ಹಸ್ತಪ್ರತಿಗಳನ್ನು ಕೂಡಿಹಾಕಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಅವರು ಬೆಳಕಿಗೆ ತರದಿದ್ದರೆ ಈ ಪರಂಪರೆಯ ದೊಡ್ಡ ಭಾಗ ಗೆದ್ದಲಿಗೆ ತುತ್ತಾಗುತ್ತಿದ್ದಿತು. ಹೀಗೆ ಮಾತು ಉಳಿಯಿತು. ಮಟ್ಟು ಉಳಿಯಲಿಲ್ಲ. ಹಸ್ತಪ್ರತಿಗಳಲ್ಲಿ ಸುಳಾದಿಯ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು ಬರೆದಿರುತ್ತದೆ, ಸ್ವರವನ್ನು ಬರೆದಿರುವುದಿಲ್ಲ. ಬರೆಯುವ ಅಗತ್ಯ ಅಂದಿನವರಿಗೆ ಕಾಣಲಿಲ್ಲ, ಹಾಡುವ ಗುರು ಎದುರಿಗಿದ್ದನಲ್ಲ! ತಂಜಾವೂರಿನ ಸರಸ್ವತೀ ಮಹಲಿನಲ್ಲಿ ಸ್ವರಸಹಿತವಾಗಿ ಸಿಕ್ಕಿರುವ ಕೆಲವು ಹಳೆಯ ಸುಳಾದಿಗಳನ್ನು ಬಿಟ್ಟರೆ, ಈ ರೂಪದ ಮೂಲ ಧಾಟಿಯನ್ನು ತಿಳಿಯಲು ನಮಗೆ ಹೆಚ್ಚಿನ ಸಾಧನವಿಲ್ಲ. ಏಳು ತಾಳಗಳಲ್ಲಿ ಏಳು ಬಗೆಯಾಗಿ ನಡೆಯಬೇಕಾದ ಸುಳಾದಿಯನ್ನು ಇಂದು ಬಹುಮಂದಿ ಪಾರಾಯಣದಂತೆ ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಓದುವ ಶ್ರದ್ಧೆಗೆ ಕೈಮುಗಿಯೋಣ. ಆದರೆ ಗುರುವು ಪಾಠವನ್ನು ಕಟ್ಟಿದ್ದು ತಾಳದ ಮೇಲೆ. ತಾಳ ಬಿಟ್ಟ ಸುಳಾದಿ ಮೆಟ್ಟಿಲು ಕಿತ್ತ ಮನೆ. ಅಟ್ಟದ ಮೇಲೆ ಏನಿದೆಯೆಂದು ಹೇಳಬಹುದು, ಹತ್ತಲಾಗದು.

ಆದರೂ ಎಲ್ಲವೂ ಹೋಗಿಲ್ಲ. ಮಾನ್ವಿ, ದೇವದುರ್ಗ, ಲಿಂಗಸುಗೂರುಗಳ ಭಜನಾಮಂಡಳಿಗಳಲ್ಲಿ, ಅದರಲ್ಲಿಯೂ ಹಿರಿಯ ಹೆಣ್ಣುಮಕ್ಕಳ ಕಂಠದಲ್ಲಿ, ತಾಯಿಯಿಂದ ಮಗಳಿಗೆ ಇಳಿದುಬಂದ ಮಟ್ಟುಗಳು ಇನ್ನೂ ಇವೆ. ಅವು ವಿಜಯದಾಸರ ಕಾಲದವೇ ಎಂದು ಆಣೆ ಮಾಡುವುದು ಬೇಡ. ಅವು ಕಚೇರಿಯ ವೇದಿಕೆಯಿಂದ ಬಂದವಲ್ಲ ಎಂಬುದಂತೂ ಕೇಳಿದೊಡನೆ ತಿಳಿಯುತ್ತದೆ. ರಾಯಚೂರಿಗೆ ಈಗ ತನ್ನದೇ ವಿಶ್ವವಿದ್ಯಾಲಯವಿದೆ. ಧ್ವನಿಮುದ್ರಣದ ಯಂತ್ರ ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗಿಯ ಜೇಬಿನಲ್ಲಿದೆ. ಕನ್ನಡ ಎಂ.ಎ. ತರಗತಿಯ ಒಂದೊಂದು ತಂಡ ಒಂದೊಂದು ಹೋಬಳಿಯನ್ನು ಹಂಚಿಕೊಂಡು, ಹಾಡುವವರ ಊರು, ಕಲಿಸಿದವರು ಯಾರು, ಯಾವ ತಾಳ ಎಂಬ ಮೂರು ವಿವರಗಳೊಡನೆ ಈ ಮಟ್ಟುಗಳನ್ನು ಕೂಡಿಹಾಕಿದರೆ ಐದು ವರ್ಷಗಳಲ್ಲಿ ಒಂದು ದೊಡ್ಡ ಭಂಡಾರವೇ ಸಿದ್ಧವಾದೀತು. ಸಂಗೀತದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಟ್ಟಿಗೆ ಕೂಡದೆ ಇದು ಸಾಗುವುದಿಲ್ಲ. ನಮ್ಮ ಪಠ್ಯಪುಸ್ತಕಗಳು ದಾಸಸಾಹಿತ್ಯವನ್ನು ‘ಸಾಹಿತ್ಯ’ವೆಂದು ಅಚ್ಚುಹಾಕುವಾಗ ಹಾಡನ್ನು ಹೊರಗಿಟ್ಟಿವೆ, ಸಂಗೀತದ ತರಗತಿಗಳು ಅದನ್ನು ‘ದೇವರನಾಮ’ವೆಂದು ಕಚೇರಿಯ ಕೊನೆಗೆ ತಳ್ಳಿವೆ. ವಿಜಯದಾಸರು ಕೂಡಿಸಿದ್ದನ್ನು ನಾವು ಎರಡು ಹೋಳು ಮಾಡಿದ್ದೇವೆ.

ವಿಜಯದಾಸರು 1755ರಲ್ಲಿ, ಈಗಿನ ಆಂಧ್ರದ ಗುಂತಕಲ್ಲಿನ ಬಳಿಯ ಚಿಪ್ಪಗಿರಿಯಲ್ಲಿ, ಕಾರ್ತಿಕ ಶುದ್ಧ ದಶಮಿಯಂದು ತೀರಿಕೊಂಡರು. ಪ್ರತಿವರ್ಷ ಆ ದಿನ ಚಿಪ್ಪಗಿರಿಯಲ್ಲಿಯೂ ಚೀಕಲಪರ್ವಿಯಲ್ಲಿಯೂ ಆರಾಧನೆ ನಡೆಯುತ್ತದೆ. ಪಂಕ್ತಿಯ ಊಟವಾಗುತ್ತದೆ, ಭಜನೆಯಾಗುತ್ತದೆ. ಆ ಭಜನೆಗೆ ಹೋದವರು ಒಂದು ಸುಳಾದಿಯನ್ನಾದರೂ ಹಿರಿಯರೊಬ್ಬರ ಮುಂದೆ ಕುಳಿತು, ತಾಳ ಹಾಕಿ, ಜತೆಯವರೆಗೆ ಕಲಿತು ಬಂದರೆ ಅದಕ್ಕಿಂತ ಯೋಗ್ಯವಾದ ಗುರುದಕ್ಷಿಣೆ ಇನ್ನೊಂದಿಲ್ಲ.